ಡಿಪ್ಲೊಮಾಕ್ಕೆ ಕಾಲೇಜು ಹುಡುಕುತ್ತಿದ್ದೀರಾ? ಮೊದಲು ವರ್ಕ್‌ಶಾಪ್ ಬಾಗಿಲು ತೆರೆಸಿ ನೋಡಿ

ಹೋದ ವರ್ಷ ನಮ್ಮ ಕಾರ್ಖಾನೆಗೆ ಒಬ್ಬ ಹುಡುಗ ಕೆಲಸ ಕೇಳಿಕೊಂಡು ಬಂದಿದ್ದ. ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ವಾಲ್ವ್ ಬಿಡಿಭಾಗ ಮಾಡುವ ಸಣ್ಣ ಘಟಕ ನಮ್ಮದು. ಅಲ್ಲಿ ನಾನು ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ಹುಡುಗ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದ. ಶೇಕಡಾ 81 ಅಂಕ. ನಯವಾದ ಮಾತು, ಕೆಲಸದ ಆಸೆಯೂ ಇತ್ತು. ಕೈಗೆ ಒಂದು ವರ್ನಿಯರ್ ಕೊಟ್ಟು, “ತಮ್ಮಾ, ಈ ಬುಶ್‌ದ ಹೊರಗಿನ ಅಳತಿ ತಗಿ ನೋಡೂಣು” ಅಂದೆ. ಅವನು ಅದನ್ನು ಹಿಡಿದ ರೀತಿಯಲ್ಲೇ ಗೊತ್ತಾಯಿತು. ಜೀವನದಲ್ಲಿ ನಾಲ್ಕೈದು ಸಲಕ್ಕಿಂತ ಜಾಸ್ತಿ ಅದನ್ನು ಮುಟ್ಟಿರಲಿಲ್ಲ. ಕೇಳಿದರೆ ತಲೆ ತಗ್ಗಿಸಿ ಹೇಳಿದ: “ನಮ್ಮ ಕಾಲೇಜಿನಾಗ ಅರವತ್ತು ಮಂದಿಗೆ ಎರಡ ವರ್ನಿಯರ್ ಇದ್ವು ಸರ್. ನನ್ನ ಪಾಳಿ ಬರೂದ್ರಾಗ ಪೀರಿಯಡ್ ಮುಗೀತಿತ್ತು.”

ಇದರಲ್ಲಿ ಹುಡುಗನ ತಪ್ಪಿಲ್ಲ. ಮೂರು ವರ್ಷ ದಿನಾ ಹೋಗಿದ್ದಾನೆ, ಫೀ ಕಟ್ಟಿದ್ದಾನೆ, ಪರೀಕ್ಷೆ ಬರೆದಿದ್ದಾನೆ. ಕಾಲೇಜು ಆರಿಸುವ ದಿನ ಅವನ ಮನೆಯವರು ಕಟ್ಟಡ ನೋಡಿದ್ದರು, ವರ್ಕ್‌ಶಾಪ್ ನೋಡಿರಲಿಲ್ಲ. ಅಷ್ಟೇ ವ್ಯತ್ಯಾಸ.

ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನದಿಂದ ಸವಣೂರು ಕಡೆಯಿಂದ, ನಮ್ಮೂರಿಂದ ನನಗೆ ಫೋನ್ ಬರಲು ಶುರು. “ಯಾವ ಕಾಲೇಜ್ ಛಲೋ ಅದ ರೀ?” ಅಂತ ಒಂದೇ ಪ್ರಶ್ನೆ. ಒಂದು ಹೆಸರು ಹೇಳಿಬಿಟ್ಟರೆ ಅವರಿಗೆ ಸಮಾಧಾನ. ಆದರೆ ಒಂದೇ ಕಾಲೇಜಿನಲ್ಲಿ ಸಿವಿಲ್ ಚೆನ್ನಾಗಿದ್ದು ಎಲೆಕ್ಟ್ರಾನಿಕ್ಸ್ ಸೊರಗಿರಬಹುದು. ಐದು ವರ್ಷದ ಹಿಂದೆ ಒಳ್ಳೆಯ ಹೆಸರಿದ್ದ ಕಡೆ ಇವತ್ತು ಮೇಷ್ಟ್ರೇ ಇಲ್ಲದಿರಬಹುದು. ಅದಕ್ಕೇ ಹೆಸರು ಹೇಳುವ ಬದಲು ನೋಡುವ ಬಗೆ ಹೇಳುತ್ತೇನೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಯ ಅಪ್ಪ-ಅವ್ವಂದಿರನ್ನು, ಹತ್ತನೇ ಮುಗಿಸಿದ ಮಕ್ಕಳನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ಬರೆದಿದ್ದೇನೆ.

1. ಡಿಪ್ಲೊಮಾ ಯಾಕೆ ಬೇಕು ಅಂತ ಮನೆಯಲ್ಲಿ ಕೂತು ಮಾತಾಡಿ

ಪಾಲಿಟೆಕ್ನಿಕ್ ಡಿಪ್ಲೊಮಾ ಅಂದರೆ ಎಸ್‌ಎಸ್‌ಎಲ್‌ಸಿ ನಂತರ ಮೂರು ವರ್ಷ, ಆರು ಸೆಮಿಸ್ಟರ್. ಐಟಿಐ ಮಾಡಿದವರು, ಪಿಯುಸಿ ವಿಜ್ಞಾನ ಪಾಸಾದವರು ಲ್ಯಾಟರಲ್ ಎಂಟ್ರಿ ಮೂಲಕ ನೇರ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿದ ಮೇಲೆ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋಗಬಹುದು. ಆ ಪರೀಕ್ಷೆ ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ.

ಲೆಕ್ಕ ಹಾಕಿ ನೋಡಿ. ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು, ಲ್ಯಾಟರಲ್ ಬಿಇ ಮೂರು, ಅದೂ ಆರೇ. “ಡಿಪ್ಲೊಮಾ ಮಾಡಿದರೆ ವರ್ಷ ಹಾಳು” ಅನ್ನುವವರಿಗೆ ಈ ಲೆಕ್ಕ ತೋರಿಸಿ. ಜೊತೆಗೆ ನಡುವೆ ಒಂದು ಕೈಹಿಡಿ ಇದೆ. ಮನೆಯಲ್ಲಿ ಕಷ್ಟ ಬಂದರೆ ಮೂರು ವರ್ಷಕ್ಕೇ ಕೆಲಸಕ್ಕೆ ನಿಲ್ಲಬಹುದು. ನನ್ನಂಥವರಿಗೆ ಅದೇ ದೊಡ್ಡ ಆಸರೆಯಾಯಿತು.

ಆದರೆ ಮುಂದೆ ಬಿಇ ಮಾಡಲೇಬೇಕು ಅಂತಿದ್ದರೆ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು ಹೇಗಿದ್ದಾರೆ ಅಂತ ಮೊದಲು ನೋಡಬೇಕು. ಬೇಗ ಕೆಲಸ ಬೇಕು ಅನ್ನುವವರಿಗೆ ವರ್ಕ್‌ಶಾಪ್, ಕಾರ್ಖಾನೆಗಳ ನಂಟು ಮುಖ್ಯ. ಸರ್ಕಾರಿ ಜೆಇ (ಜೂನಿಯರ್ ಎಂಜಿನಿಯರ್) ಹುದ್ದೆ ಗುರಿಯಾದರೆ ಸಿವಿಲ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಥರದ ಮೂಲ ವಿಭಾಗಗಳಿಗೇ ಅರ್ಜಿ ಹಾಕುವ ಅವಕಾಶ ಜಾಸ್ತಿ. ಲೋಕೋಪಯೋಗಿ, ನೀರಾವರಿ, ವಿದ್ಯುತ್ ಕಂಪನಿಗಳು, ರೈಲ್ವೆ, ಎಲ್ಲ ಕಡೆಯೂ ಡಿಪ್ಲೊಮಾ ಓದಿದವರಿಗೆ ಜೆಇ ಹುದ್ದೆ ಕರೆಯುತ್ತಾರೆ.

2. ಕಾಲೇಜಿಗಿಂತ ಮೊದಲು ವಿಭಾಗ

ಇದರಲ್ಲಿ ಜಾಸ್ತಿ ಜನ ಎಡವುತ್ತಾರೆ. “ಕಂಪ್ಯೂಟರ್ ಸೈನ್ಸ್ ಸಿಕ್ಕರೆ ಸೈ, ಇಲ್ಲದಿದ್ದರೆ ಯಾವುದಾದರೂ ಸೈ” ಅಂತ ಬಂದುಬಿಡುತ್ತಾರೆ. ಹಾಗೆ ಮಾಡಬೇಡಿ. ನಿಮ್ಮ ಸುತ್ತ ಏನಿದೆ ನೋಡಿ. ಧಾರವಾಡದಲ್ಲಿ ಟಾಟಾ ಮೋಟಾರ್ಸ್ ಇದೆ, ಬಸ್ ಬಾಡಿ ಕಟ್ಟುವ ಘಟಕ ಇದೆ, ಟಾಟಾ ಹಿಟಾಚಿ ಇದೆ. ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, ಗದಗ ರೋಡಿನ ಹಳೆಯ ರೈಲ್ವೆ ವರ್ಕ್‌ಶಾಪ್, ಗೋಕುಲ ರೋಡ್ ಮತ್ತು ತಾರಿಹಾಳದ ಕೈಗಾರಿಕಾ ವಸಾಹತುಗಳು, ಹೆಸ್ಕಾಂ, ವಾಯವ್ಯ ಸಾರಿಗೆ. ಗದಗ ಸುತ್ತ ಗುಡ್ಡದ ಮೇಲೆ ಸಾಲುಸಾಲು ಗಾಳಿಯಂತ್ರ ತಿರುಗುತ್ತವೆ. ಅವನ್ನು ನೋಡಿಕೊಳ್ಳಲು ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಕೈಗಳು ಬೇಕು. ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ನಾರಿನ ದೊಡ್ಡ ಕಾರ್ಖಾನೆ ಇದೆ.

ಮಗುವಿನ ಒಲವನ್ನೂ ನೋಡಿ. ಸೈಕಲ್ ಚೈನ್ ಬಿದ್ದರೆ ತಾನೇ ಹಾಕಿಕೊಳ್ಳುತ್ತಾನಾ? ಮಿಕ್ಸರ್ ಕೆಟ್ಟರೆ ಬಿಚ್ಚಿ ನೋಡುವ ಹುಡುಗಿಯಾ? ಮನೆ ಕಟ್ಟುವ ಕಡೆ ನಿಂತು ಗೌಂಡಿ ಕೆಲಸ ನೋಡುತ್ತಾ ಮೈಮರೆಯುತ್ತಾನಾ? ಹದಿನಾರು ವರ್ಷದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಆಪ್ಟಿಟ್ಯೂಡ್ ಟೆಸ್ಟ್ ಬೇಕಿಲ್ಲ ಅಂತ ನನ್ನ ಅಭಿಪ್ರಾಯ.

ಹುಡುಗಿಯರಿಗೆ ಮೆಕ್ಯಾನಿಕಲ್, ಸಿವಿಲ್ ಬೇಡ ಅನ್ನುವ ಮಾತು ಇನ್ನೂ ಕೇಳಿಬರುತ್ತದೆ. ನಮ್ಮ ಇನ್‌ಸ್ಪೆಕ್ಷನ್ ಟೇಬಲಿನಲ್ಲಿ ಇಬ್ಬರು ಹುಡುಗಿಯರು ಇದ್ದಾರೆ. ಅವರ ಕೈಯಿಂದ ತಪ್ಪು ಅಳತೆಯ ಒಂದು ಪೀಸ್ ಆಚೆ ಹೋಗಿದ್ದು ನಾನು ನೋಡಿಲ್ಲ.

3. ಪಟ್ಟಿ ಮಾಡಿ, ನಾಲ್ಕೈದು ಹೆಸರು ಸಾಕು

ನಮ್ಮ ಭಾಗದಲ್ಲಿ ಕೆಲವು ಬಗೆಯ ಸಂಸ್ಥೆಗಳಿವೆ. ಸರ್ಕಾರಿ ಪಾಲಿಟೆಕ್ನಿಕ್, ಅನುದಾನಿತ, ಖಾಸಗಿ. ಹುಬ್ಬಳ್ಳಿಯಲ್ಲೇ ಸರ್ಕಾರಿ ಮಹಿಳಾ ಪಾಲಿಟೆಕ್ನಿಕ್, ಕೆಎಲ್‌ಇ ಸಂಸ್ಥೆಯ ಸಿ.ಐ. ಮುನವಳ್ಳಿ ಪಾಲಿಟೆಕ್ನಿಕ್, ಅಂಜುಮನ್ ಪಾಲಿಟೆಕ್ನಿಕ್ ಇವೆ. ಗದಗ, ಹಾವೇರಿ ಜಿಲ್ಲೆಗಳಲ್ಲೂ ಇವೆ. ದೂರಕ್ಕೆ ಹೋಗುವ ಮೊದಲು ನಿಮ್ಮ ಜಿಲ್ಲೆಯವನ್ನು ನೋಡಿ.

ಇವಲ್ಲದೆ ಇನ್ನೊಂದು ದಾರಿ ಇದೆ, ಬಹಳ ಮಂದಿಗೆ ಗೊತ್ತಿಲ್ಲ. ಹುಬ್ಬಳ್ಳಿಯ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ. ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್, ಅಂದರೆ ಉಪಕರಣ ಮತ್ತು ಅಚ್ಚು ಮಾಡುವ ಡಿಪ್ಲೊಮಾ ಇದೆ. ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ, ಒಟ್ಟು ನಾಲ್ಕು. ಧಾರವಾಡದಲ್ಲಿ ಎನ್‌ಟಿಟಿಎಫ್ ಅನ್ನುವ ಇಂಥದ್ದೇ ತರಬೇತಿ ಸಂಸ್ಥೆ ಇದೆ. ಇಂಥ ಕಡೆ ಶಿಸ್ತು ಬಿಗಿ, ದಿನವೆಲ್ಲ ಮಶಿನ್ ಮುಂದೆ ನಿಲ್ಲಬೇಕು. ಕೈಕೆಲಸ ಕಲಿಯುವ ಹಟ ಇರುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇವನ್ನೇ. ಆದರೆ ಬಿಇ ಮಾಡುವ ಆಸೆ ಇದ್ದರೆ, ಆ ಡಿಪ್ಲೊಮಾದಿಂದ ಲ್ಯಾಟರಲ್ ಎಂಟ್ರಿಗೆ ದಾರಿ ಇದೆಯಾ ಅಂತ ಸೇರುವ ಮೊದಲೇ ಅಲ್ಲೇ ಕೇಳಿ, ಬರಹದಲ್ಲಿ ನೋಡಿ.

4. ಕಾಗದ ಪರೀಕ್ಷೆ

ಮನೆಯಲ್ಲಿ ಮೊಬೈಲ್ ಹಿಡಿದು ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಪಾಲಿಟೆಕ್ನಿಕ್‌ಗೆ ಎಐಸಿಟಿಇ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಮಾನ್ಯತೆ ಇರಬೇಕು. ಒಂದು ವರ್ಷ ಸಿಕ್ಕರೆ ಸದಾ ಇರುತ್ತದೆ ಅಂತಲ್ಲ. ಕಾಲೇಜಿನವರು ಆ ವರ್ಷದ ಮಾನ್ಯತೆ ಪತ್ರ ತೋರಿಸಬೇಕು. ನೀವು ಸೇರುವ ವಿಭಾಗದ ಹೆಸರು, ಸೀಟಿನ ಸಂಖ್ಯೆ ಅದರಲ್ಲಿ ಇದೆಯಾ ನೋಡಿ. ಪರೀಕ್ಷೆ ನಡೆಸುವುದು, ಅಂಕಪಟ್ಟಿ ಕೊಡುವುದು ಯಾರು ಅಂತಲೂ ಕೇಳಿ. ರಾಜ್ಯದ ತಾಂತ್ರಿಕ ಶಿಕ್ಷಣ ಇಲಾಖೆಯ ವೆಬ್‌ಸೈಟಿನಲ್ಲಿ ಕಾಲೇಜುಗಳ ಪಟ್ಟಿ ಸಿಗುತ್ತದೆ.

ಎನ್‌ಬಿಎ (ಗುಣಮಟ್ಟ ನೋಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಅಂತ ಬೋರ್ಡು ಹಾಕಿದ್ದರೆ ಒಳ್ಳೆಯದೇ. ಆದರೆ ಎನ್‌ಬಿಎ ಕೊಡುವುದು ಕಾಲೇಜಿಗಲ್ಲ, ಒಂದೊಂದು ವಿಭಾಗಕ್ಕೆ. ಅದಕ್ಕೂ ಅವಧಿ ಇರುತ್ತದೆ. “ಯಾವ ವಿಭಾಗಕ್ಕೆ, ಯಾವ ವರ್ಷದವರೆಗೆ?” ಅಂತ ಎರಡು ಪ್ರಶ್ನೆ ಕೇಳಿ.

5. ಕಾಲೇಜು ನಡೆಯುವ ದಿನವೇ ಹೋಗಿ

ಇದು ನನ್ನ ಮುಖ್ಯ ಮಾತು. ಉಳಿದದ್ದೆಲ್ಲ ಮರೆತರೂ ಇದನ್ನು ಬಿಡಬೇಡಿ.

ಪ್ರವೇಶದ ಹೊತ್ತಿಗೆ ಕಾಲೇಜಿಗೆ ಸುಣ್ಣಬಣ್ಣ ಆಗಿರುತ್ತದೆ. ಮುಂದಿನ ಖೋಲಿಯಲ್ಲಿ ಫ್ಯಾನ್ ಕೆಳಗೆ ಕೂಡಿಸಿ ಚಹಾ ಕೊಡುತ್ತಾರೆ. ಆಗ ನೋಡಿದರೆ ಎಲ್ಲವೂ ಚೆಂದ. ಅದಕ್ಕೆ ಮಗು ಒಂಬತ್ತನೇ ಅಥವಾ ಹತ್ತನೇ ಇರುವಾಗಲೇ, ತರಗತಿಗಳು ನಡೆಯುವ ತಿಂಗಳಲ್ಲಿ ಒಮ್ಮೆ ಹೋಗಿ ಬನ್ನಿ. ತಡವಾಗಿದ್ದರೂ ಪರವಾಗಿಲ್ಲ. ಪ್ರಾಕ್ಟಿಕಲ್ ಇರುವ ಹೊತ್ತು ಕೇಳಿಕೊಂಡು ಹೋಗಿ. ಬಾಗಿಲಲ್ಲಿ ನಿಂತು ಗೌರವದಿಂದ ಕೇಳಿ: “ಸರ್, ಮಗನ್ನ ಇಲ್ಲಿ ಹಚ್ಚಬೇಕಂತ ಮಾಡೀವಿ. ಒಮ್ಮೆ ವರ್ಕ್‌ಶಾಪ್ ನೋಡಬಹುದೇನ್ರಿ?” ಒಳ್ಳೆಯ ಕಾಲೇಜಿನವರು ಖುಷಿಯಿಂದ ಕರೆದುಕೊಂಡು ಹೋಗುತ್ತಾರೆ. ಕೀಲಿ ಹುಡುಕಲು ಅರ್ಧ ಗಂಟೆ ಬೇಕಾದರೆ ಆ ಕೋಣೆ ದಿನಾ ತೆರೆಯುತ್ತಿಲ್ಲ ಅಂತ ತಿಳಿಯಿರಿ.

ಒಳಗೆ ಹೋದ ಮೇಲೆ ಏನು ನೋಡಬೇಕು? ಮೆಕ್ಯಾನಿಕಲ್ ಇದ್ದರೆ ಲೇತ್, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಮಶಿನ್, ನೋಡಿ. ಎಷ್ಟಿವೆ ಅನ್ನುವುದಕ್ಕಿಂತ ಎಷ್ಟು ಚಾಲೂ ಇವೆ ಅನ್ನುವುದು ಮುಖ್ಯ. ಕೆಲಸ ನಡೆಯುವ ಲೇತಿನ ಕೆಳಗಿನ ತಟ್ಟೆಯಲ್ಲಿ ಲೋಹದ ಸಿಪ್ಪೆ ಬಿದ್ದಿರುತ್ತದೆ. ಹಿಡಿಕೆಗಳು ಕೈ ತಾಗಿ ತಾಗಿ ಹೊಳೆಯುತ್ತಿರುತ್ತವೆ. ಎಣ್ಣೆಯ ವಾಸನೆ ಇರುತ್ತದೆ. ಪ್ಲಾಸ್ಟಿಕ್ ಹೊದಿಸಿ ಇಟ್ಟ, ಕಂಪ್ಯೂಟರಿನಿಂದ ನಡೆಯುವ ಹೊಸ ಸಿಎನ್‌ಸಿ ಮಶಿನ್ ನೋಡಿ ಮರುಳಾಗಬೇಡಿ. ಅದನ್ನು ಮಕ್ಕಳಿಗೆ ಮುಟ್ಟಲು ಕೊಡುತ್ತಾರಾ ಅಂತ ಕೇಳಿ. ಫಿಟ್ಟಿಂಗ್ ಸೆಕ್ಷನ್ನಿನಲ್ಲಿ ಬೆಂಚ್ ವೈಸ್ (ಲೋಹದ ತುಂಡು ಬಿಗಿದು ಹಿಡಿಯುವ ಸಾಧನ) ಎಷ್ಟಿವೆ ಎಣಿಸಿ. ಒಂದು ಬ್ಯಾಚಿನ ಪ್ರತಿ ಮಗುವಿಗೆ ಒಂದೊಂದು ವೈಸ್, ಒಂದೊಂದು ಫೈಲ್ (ಲೋಹ ಉಜ್ಜುವ ಅರ) ಸಿಗಬೇಕು. ಫೈಲ್ ಹಲ್ಲು ಸವೆದು ಬೋಳಾಗಿದ್ದರೆ ಹೊಸದು ತರಿಸಿ ಎಷ್ಟು ವರ್ಷವಾಯಿತು ಅಂತ ಅದೇ ಹೇಳುತ್ತದೆ.

ಸಿವಿಲ್ ಇದ್ದರೆ ಕಾಂಕ್ರೀಟ್ ಲ್ಯಾಬಿಗೆ ಹೋಗಿ. ಕ್ಯೂಬ್ ಒಡೆಯುವ ಮಶಿನ್ ಪಕ್ಕ ಒಡೆದ ಕ್ಯೂಬುಗಳ ಚೂರು ಬಿದ್ದಿರಬೇಕು. ನೀರಿನ ತೊಟ್ಟಿಯಲ್ಲಿ ಕ್ಯೂರಿಂಗಿಗೆ ಇಟ್ಟ ಕ್ಯೂಬುಗಳ ಮೇಲೆ ತಾರೀಖು ಬರೆದಿರಬೇಕು. ತೊಟ್ಟಿ ಒಣಗಿದ್ದರೆ ಕೇಳುವುದೇ ಬೇಡ. ಸರ್ವೆಗೆ ಟೋಟಲ್ ಸ್ಟೇಷನ್ ಅನ್ನುವ ಅಳತೆ ಯಂತ್ರ ಇದೆಯಾ, ಮಕ್ಕಳು ಅದನ್ನು ಹೊತ್ತುಕೊಂಡು ಮೈದಾನಕ್ಕೆ ಹೋಗುತ್ತಾರಾ ಅಥವಾ ಅಲಮಾರಿಯಲ್ಲೇ ಇರುತ್ತದಾ ನೋಡಿ.

ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಆದರೆ ಮಲ್ಟಿಮೀಟರ್, ಬ್ರೆಡ್‌ಬೋರ್ಡ್, ಆಸಿಲೋಸ್ಕೋಪ್ ಇವುಗಳ ಸಂಖ್ಯೆ ನೋಡಿ. ಮೋಟಾರುಗಳ ಲ್ಯಾಬಿನಲ್ಲಿ ಕಾಲ ಕೆಳಗೆ ರಬ್ಬರ್ ಮ್ಯಾಟ್ ಹಾಸಿದ್ದಾರಾ ನೋಡಿ. ಸಣ್ಣ ವಿಷಯ ಅನ್ನಿಸಬಹುದು. ಮಕ್ಕಳ ಜೀವದ ಬಗ್ಗೆ ಕಾಳಜಿ ಇರುವ ಕಡೆ ಪಾಠದ ಬಗ್ಗೆಯೂ ಇರುತ್ತದೆ. ಕಂಪ್ಯೂಟರ್ ಸೈನ್ಸ್ ಆದರೆ ಒಬ್ಬರಿಗೆ ಒಂದು ಕಂಪ್ಯೂಟರ್ ಬರುತ್ತದಾ, ಕರೆಂಟ್ ಹೋದರೆ ಏನು ಮಾಡುತ್ತಾರೆ, ಇಂಟರ್ನೆಟ್ ಓಡುತ್ತದಾ, ಇಷ್ಟು ಸಾಕು.

ಈಗ ಮೇಷ್ಟ್ರ ಲೆಕ್ಕ. ಡಿಪ್ಲೊಮಾದಲ್ಲಿ 25 ಮಕ್ಕಳಿಗೆ ಒಬ್ಬ ಬೋಧಕರು ಇರಬೇಕು ಅನ್ನುವುದು ಎಐಸಿಟಿಇ ಲೆಕ್ಕ. ಒಂದು ವಿಭಾಗಕ್ಕೆ 60 ಸೀಟು ಅಂದುಕೊಳ್ಳಿ. ಮೂರು ವರ್ಷಕ್ಕೆ 180 ಮಕ್ಕಳು. ಹಾಗಾದರೆ ಆ ವಿಭಾಗಕ್ಕೆ ಏಳು ಜನ ಬೋಧಕರಾದರೂ ಬೇಕು. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಕೋಣೆಯ ಹೊರಗೆ ವೇಳಾಪಟ್ಟಿ ಅಂಟಿಸಿರುತ್ತಾರೆ. ಅದರಲ್ಲಿ ಎಷ್ಟು ಬೇರೆ ಬೇರೆ ಹೆಸರುಗಳಿವೆ ಎಣಿಸಿ. ಮೂರೇ ಹೆಸರು ತಿರುಗಿ ತಿರುಗಿ ಬರುತ್ತಿದ್ದರೆ ಯೋಚಿಸಿ.

ಸರ್ಕಾರಿ ಕಾಲೇಜುಗಳಲ್ಲಿ ಒಳ್ಳೆಯ ಅನುಭವಿ ಮೇಷ್ಟ್ರಿರುತ್ತಾರೆ, ಆದರೆ ಖಾಲಿ ಹುದ್ದೆಗಳ ತೊಂದರೆಯೂ ಇರುತ್ತದೆ. ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ವಿಭಾಗವಾದರೆ ಹೋದ ಸೆಮಿಸ್ಟರಿನಲ್ಲಿ ಅವರು ಯಾವ ತಿಂಗಳು ಬಂದರು ಅಂತ ಕೇಳಿ. ಖಾಸಗಿ ಕಡೆ ಮೇಷ್ಟ್ರು ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿ. ವರ್ಷಕ್ಕೊಬ್ಬರು ಬದಲಾಗುವ ಕಡೆ ಮಕ್ಕಳು ಯಾರನ್ನು ನೆಚ್ಚಿಕೊಳ್ಳಬೇಕು?

ಇನ್ನು ಲ್ಯಾಬ್ ಇನ್‌ಸ್ಟ್ರಕ್ಟರ್, ಮೆಕ್ಯಾನಿಕ್, ಹೆಲ್ಪರ್ ಇವರನ್ನು ಮಾತಾಡಿಸದೆ ಬರಬೇಡಿ. ಮಶಿನ್ ಕೆಟ್ಟರೆ ರಿಪೇರಿ ಆಗಲು ಎಷ್ಟು ದಿನ ಬೇಕು ಅಂತ ನಿಜ ಹೇಳುವವರು ಅವರು. ನನಗೆ ಲೇತ್ ಕಲಿಸಿದ್ದು ಒಬ್ಬ ಇನ್‌ಸ್ಟ್ರಕ್ಟರ್. “ಟೂಲ್‌ನ ಸಪ್ಪಳ ಕೇಳು, ಅದು ಅಳಾಕತ್ತಿದ್ರ ಸ್ಪೀಡ್ ಕಡಿಮಿ ಮಾಡು” ಅನ್ನುತ್ತಿದ್ದರು. ಇವತ್ತಿಗೂ ಶಾಪ್ ಫ್ಲೋರಿನಲ್ಲಿ ನಡೆಯುವಾಗ ಸಪ್ಪಳ ಕೇಳಿಯೇ ನಿಲ್ಲುತ್ತೇನೆ.

6. ಕೊನೆಯ ವರ್ಷದ ಮಕ್ಕಳನ್ನು ಕ್ಯಾಂಟೀನಿನಲ್ಲಿ ಹಿಡಿಯಿರಿ

ಅಪ್ಪ ಕೇಳುವುದಕ್ಕಿಂತ ಮಗ ಅಥವಾ ಮಗಳೇ ಹೋಗಿ “ಅಣ್ಣಾ”, “ಅಕ್ಕಾ” ಅಂತ ಕೇಳಿದರೆ ಒಳ್ಳೆಯದು. ಮಿರ್ಚಿ-ಗಿರ್ಮಿಟ್ ತಿನ್ನುತ್ತಾ ಮಾತಾಡಿದರೆ ಎಲ್ಲ ಹೊರಗೆ ಬರುತ್ತದೆ. ನಾನು ಈ ಪ್ರಶ್ನೆಗಳನ್ನು ಬರೆದುಕೊಟ್ಟು ಕಳಿಸುತ್ತೇನೆ. ಹೋದ ವಾರ ಎಷ್ಟು ಪ್ರಾಕ್ಟಿಕಲ್ ಕ್ಲಾಸ್ ನಡೆದವು? ನಿಮ್ಮ ಬ್ಯಾಚಿನಲ್ಲಿ ಬ್ಯಾಕ್ (ಪಾಸಾಗದೆ ಉಳಿದ ವಿಷಯ) ಇಲ್ಲದವರು ಎಷ್ಟು ಮಂದಿ? ಯಾವ ವಿಷಯದಲ್ಲಿ ಜಾಸ್ತಿ ಮಂದಿ ಫೇಲಾಗುತ್ತಾರೆ, ಯಾಕೆ? ಹಾಜರಿ ಕಡಿಮೆಯಾದರೆ ಮನೆಗೆ ಫೋನ್ ಮಾಡುತ್ತಾರಾ? ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕು. ಸುಮ್ನೆ ಹಾಜರಿ ಹಾಕಿಬಿಡುವ ಕಾಲೇಜು ಮಕ್ಕಳಿಗೆ ಆಗ ಇಷ್ಟ, ಆಮೇಲೆ ಕಷ್ಟ.

ಪ್ರಾಜೆಕ್ಟ್ ಬಗ್ಗೆ ಕೇಳಲೇಬೇಕು. ತಾವೇ ಮಾಡಿದ್ದಾ, ಹೊರಗೆ ದುಡ್ಡು ಕೊಟ್ಟು ತಂದದ್ದಾ? ಇಂಟರ್ನ್‌ಶಿಪ್‌ಗೆ ಕಾಲೇಜು ಕಾರ್ಖಾನೆ ಹುಡುಕಿಕೊಡುತ್ತದಾ, ಇಲ್ಲಾ “ನೀವ ಹುಡುಕ್ಕೊಳ್ರಿ” ಅನ್ನುತ್ತದಾ? ನಮ್ಮ ಘಟಕಕ್ಕೆ ಪ್ರತಿ ವರ್ಷ ಇಂಟರ್ನ್‌ಶಿಪ್ ಕೇಳಿಕೊಂಡು ಮಕ್ಕಳು ಬರುತ್ತಾರೆ. ಮೇಷ್ಟ್ರು ಜೊತೆಗೆ ಬಂದು, ಹುಡುಗ ಏನು ಕಲಿಯಬೇಕು ಅಂತ ಚೀಟಿ ಕೊಟ್ಟು ಹೋಗುವ ಕಾಲೇಜು ಬೆರಳೆಣಿಕೆ. ಅಂಥ ಕಾಲೇಜಿನ ಮಕ್ಕಳಿಗೆ ನಾವು ಎರಡನೇ ಮಾತಿಲ್ಲದೆ ಜಾಗ ಕೊಡುತ್ತೇವೆ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಇದ್ದರೆ ಅವರನ್ನು ಬೇರೆಯಾಗಿ ಮಾತಾಡಿಸಿ. ಈ ಮಾತನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ, ಯಾಕಂದರೆ ನಾನೂ ಅವರಲ್ಲೊಬ್ಬ. ಮೊದಲ ಸೆಮಿಸ್ಟರಿನಲ್ಲಿ ಬೋರ್ಡಿನ ಮೇಲೆ ಇಂಗ್ಲಿಷ್ ಶಬ್ದಗಳ ಸಾಲು ನೋಡಿ ಬಸ್ ಹತ್ತಿ ಊರಿಗೆ ವಾಪಸ್ ಹೋಗಿಬಿಡೋಣ ಅನ್ನಿಸಿತ್ತು. ‘ಟಾಲರೆನ್ಸ್’ ಅನ್ನುವ ಒಂದು ಶಬ್ದ ಒಂದು ವಾರ ನನ್ನ ನಿದ್ದೆ ಕೆಡಿಸಿತು. ಆಮೇಲೆ ಒಬ್ಬ ಮೇಡಂ, ಊಟದ ಹೊತ್ತಿನಲ್ಲಿ ನನ್ನ ರೊಟ್ಟಿ ಡಬ್ಬಿ ತೆಗೆದುಕೊಂಡು ಅದರ ಮುಚ್ಚಳ ಹಾಕಿ ತೆಗೆದು ತೋರಿಸಿದರು. “ನೋಡಪ್ಪಾ, ಮುಚ್ಚಳ ಬಹಳ ಬಿಗಿ ಇದ್ರ ತೆಗಿಯಾಕ ಬರಂಗಿಲ್ಲ. ಬಹಳ ಸಡಲ ಇದ್ರ ಬಿದ್ದು ಹೋಗ್ತದ. ಎರಡರ ನಡುವ ಎಷ್ಟು ಹೆಚ್ಚುಕಡಿಮಿ ನಡೀತದ, ಅದ ಟಾಲರೆನ್ಸ್.” ಅಷ್ಟೇ. ಅವತ್ತು ತಿಳಿದದ್ದು ಇವತ್ತು ನನ್ನ ಹೊಟ್ಟೆಪಾಡು.

ಅಂಥ ಮೇಷ್ಟ್ರು ಇರುವ ಕಾಲೇಜು ಹುಡುಕಬೇಕು. ತರಗತಿಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರಾ? ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ನಗುತ್ತಾರಾ? ಉತ್ತರ ಪತ್ರಿಕೆಯಲ್ಲಿ ಕನ್ನಡ ಬಳಸಬಹುದಾ? ಹಾಗೆಯೇ ಇಂಗ್ಲಿಷ್ ಕಲಿಯಲು ಏನು ನೆರವು ಇದೆ ಅಂತಲೂ ಕೇಳಿ. ಡ್ರಾಯಿಂಗ್ ಶೀಟ್, ಮಶಿನಿನ ಮ್ಯಾನುಯಲ್, ಇನ್‌ಸ್ಪೆಕ್ಷನ್ ರಿಪೋರ್ಟ್ ಎಲ್ಲ ಇಂಗ್ಲಿಷಿನಲ್ಲೇ ಇರುತ್ತವೆ. ತಿಳುವಳಿಕೆ ಕನ್ನಡದಲ್ಲಿ ಬರಲಿ, ಶಬ್ದ ಇಂಗ್ಲಿಷಿನಲ್ಲಿ ಕೂಡಿಕೊಳ್ಳಲಿ.

7. ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಅನ್ನುವ ಬ್ಯಾನರ್

ಬ್ಯಾನರ್ ನೋಡಿ ನಂಬಬೇಡಿ, ಬಿಡಿಸಿ ಕೇಳಿ. ಎಷ್ಟು ಮಂದಿಯಲ್ಲಿ ನೂರಕ್ಕೆ ನೂರು? ಬ್ಯಾಕ್ ಇಲ್ಲದ ಹತ್ತು ಮಂದಿಯಲ್ಲಿ ಹತ್ತಾ, ಇಡೀ ಬ್ಯಾಚಿನಲ್ಲಾ? ಕಾಯಂ ಕೆಲಸವಾ, ಅಪ್ರೆಂಟಿಸಾ? ಅಪ್ರೆಂಟಿಸ್‌ಶಿಪ್ ಕೆಟ್ಟದ್ದಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಡಿಪ್ಲೊಮಾ ಮುಗಿಸಿದವರಿಗೆ ಒಂದು ವರ್ಷ ಸ್ಟೈಪೆಂಡ್ ಕೊಟ್ಟು ಕಲಿಸುತ್ತಾರೆ, ಒಳ್ಳೆಯ ಕಾರ್ಖಾನೆ ಸಿಕ್ಕರೆ ಅದು ಮೂರು ವರ್ಷದ ಓದಿನಷ್ಟೇ ಬೆಲೆ. ಆದರೆ ಅದನ್ನು ಕಾಯಂ ನೌಕರಿ ಅಂತ ಹೇಳಿ ಸೀಟು ತುಂಬಿಸಬಾರದು. ಹೋದ ವರ್ಷ ಕೆಲಸ ಸಿಕ್ಕ ಇಬ್ಬರ ಫೋನ್ ನಂಬರ್ ಕೇಳಿ, ಅವರೊಡನೆ ನೀವೇ ಮಾತಾಡಿ. ಆರು ತಿಂಗಳಾದ ಮೇಲೂ ಅಲ್ಲೇ ಇದ್ದಾರಾ ಅನ್ನುವುದು ನಿಜವಾದ ಪ್ರಶ್ನೆ.

8. ದಾರಿ ಮತ್ತು ವಸತಿ

ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್. ಹಾವೇರಿಯಿಂದ ಇನ್ನೂ ಜಾಸ್ತಿ. ದಿನಾ ಹೋಗಿಬರಬಹುದು ಅನ್ನಿಸುತ್ತದೆ. ಆದರೆ ಹಳ್ಳಿಯಿಂದ ಊರಿಗೆ ಒಂದು ಬಸ್, ಅಲ್ಲಿಂದ ಹುಬ್ಬಳ್ಳಿಗೆ ಒಂದು, ಮತ್ತೆ ಕಾಲೇಜಿಗೆ ಒಂದು ಅಂತಾದರೆ ದಿನಕ್ಕೆ ನಾಲ್ಕು ಗಂಟೆ ಬಸ್ಸಿನಲ್ಲೇ ಹೋಗುತ್ತದೆ. ಪ್ರಾಕ್ಟಿಕಲ್ ಮಧ್ಯಾಹ್ನ ಇರುತ್ತದೆ. ಕೊನೆಯ ಬಸ್ ತಪ್ಪುವ ಭಯದಲ್ಲಿ ಮಗು ಮೂರೂವರೆಗೇ ಚೀಲ ಹೆಗಲಿಗೆ ಹಾಕುತ್ತದೆ. ಹೋಗುವುದು ಲ್ಯಾಬಿನ ಹೊತ್ತು. ಸೇರುವ ಮೊದಲು ಒಂದು ದಿನ ಮಗುವಿನ ಜೊತೆ ಅದೇ ಹೊತ್ತಿಗೆ, ಅದೇ ಬಸ್ಸಿನಲ್ಲಿ ಹೋಗಿ ಬನ್ನಿ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಖರ್ಚಿಲ್ಲ, ಹುಡುಗರಿಗೆ ವಿದ್ಯಾರ್ಥಿ ಪಾಸ್ ಇದೆ. ಖರ್ಚು ಇಲ್ಲ ಅಂದ ಮಾತ್ರಕ್ಕೆ ದಣಿವು ಇಲ್ಲ ಅಂತಲ್ಲ.

ಉಳಿಯುವುದಾದರೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳಿವೆ. ಧಾರವಾಡದ ಮುರುಘಾಮಠದಂಥ ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ತಲೆಮಾರುಗಳೇ ಇವೆ. ಹಾಸ್ಟೆಲ್ ಅರ್ಜಿಗೆ ಬೇರೆ ಕೊನೆಯ ದಿನಾಂಕ ಇರುತ್ತದೆ. ಸೀಟು ಸಿಕ್ಕ ಖುಷಿಯಲ್ಲಿ ಅದನ್ನು ಮರೆಯುವವರು ಬಹಳ.

9. ದುಡ್ಡಿನ ಲೆಕ್ಕ

ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ವರ್ಷದ ಶುಲ್ಕ ಕೆಲವೇ ಸಾವಿರ. ಖಾಸಗಿಯಲ್ಲಿ ಅದರ ಹಲವು ಪಟ್ಟು. ಫೀ ಎಷ್ಟು ಅಂತ ಕೇಳಿದಾಗ ಬಾಯಿಮಾತಿನ ಒಂದು ಸಂಖ್ಯೆ ಸಾಕಾಗುವುದಿಲ್ಲ. ಮೂರು ವರ್ಷಕ್ಕೆ ಒಟ್ಟು ಎಷ್ಟು, ಪರೀಕ್ಷಾ ಶುಲ್ಕ, ಲ್ಯಾಬ್ ಶುಲ್ಕ, ಸಮವಸ್ತ್ರ, ಡ್ರಾಯಿಂಗ್ ಸಾಮಾನು, ಬಸ್, ಎಲ್ಲ ಸೇರಿಸಿ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನೆರವಿನ ದಾರಿಗಳು ಇವೆ. ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ಮೀರಿರಬಾರದು, ಒಂದು ಮನೆಯ ಇಬ್ಬರು ಹುಡುಗಿಯರವರೆಗೆ ಕೊಡುತ್ತಾರೆ. ಅಂಗವಿಕಲ ಮಕ್ಕಳಿಗೆ ಸಕ್ಷಮ್ ಇದೆ, ಅದೂ 50,000. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಊಟ-ವಸತಿಗೆ ತಿಂಗಳಿಗಿಷ್ಟು ಅಂತ ಹತ್ತು ತಿಂಗಳು ನೆರವು. ರೈತರ ಮಕ್ಕಳಿಗೆ 2021ರಲ್ಲಿ ರೈತ ವಿದ್ಯಾನಿಧಿ ಶುರುವಾಗಿತ್ತು, ಈ ವರ್ಷ ಇದೆಯಾ ಕೇಳಿ ನೋಡಿ. ಕಟ್ಟಡ ಕಾರ್ಮಿಕರ ಕಾರ್ಡ್ ಇರುವ ಮನೆಯವರಿಗೆ ಮಂಡಳಿಯಿಂದ ಶೈಕ್ಷಣಿಕ ಸಹಾಯ. ಇದರ ಜೊತೆ ಬೋಧನಾ ಶುಲ್ಕ ಮನ್ನಾ ಇರುವ ಹೆಚ್ಚುವರಿ ಸೀಟುಗಳಿವೆ. ಅದನ್ನು ಎಸ್‌ಎನ್‌ಕ್ಯೂ ಅಂತಾರೆ. ಶೇಕಡಾ 5ರಷ್ಟು ಸೀಟು ಅದಕ್ಕೆ. ಅರ್ಜಿ ತುಂಬುವಾಗಲೇ ಅದನ್ನು ಗುರುತು ಮಾಡಬೇಕು, ಆಮೇಲೆ ನೆನಪಾದರೆ ಪ್ರಯೋಜನವಿಲ್ಲ.

10. ಅರ್ಜಿ ಮತ್ತು ಕಾಗದಪತ್ರ

ಫಲಿತಾಂಶ ಬರುವ ಮೊದಲೇ ಕಾಗದ ಸಿದ್ಧ ಇರಬೇಕು. ನಾಡಕಚೇರಿಯಿಂದ ಜಾತಿ-ಆದಾಯ ಪತ್ರ, ಅದರ ಮೇಲಿನ ಆರ್‌ಡಿ ನಂಬರ್ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದರ ಪ್ರಮಾಣಪತ್ರ. ಇವಕ್ಕೆ ಮುಖ್ಯೋಪಾಧ್ಯಾಯರ ಜೊತೆ ಬಿಇಒ ಸಹಿಯೂ ಬೇಕು. ಮೇ ತಿಂಗಳ ಕೊನೆಗೆ ಬಿಇಒ ಕಚೇರಿ ಮುಂದೆ ನಿಲ್ಲುವ ಸಾಲು ನೋಡಿದ್ದೀರಲ್ವಾ? ಏಪ್ರಿಲ್‌ನಲ್ಲೇ ಮುಗಿಸಿ.

ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬಗ್ಗೆ ಗದಗದವರು ಪದೇ ಪದೇ ಕೇಳುತ್ತಾರೆ. ಆ ಮೀಸಲಾತಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ. ಪಕ್ಕದ ಕೊಪ್ಪಳದವರಿಗೆ ಇದೆ, ಗದಗ, ಧಾರವಾಡ, ಹಾವೇರಿಯವರಿಗೆ ಇಲ್ಲ.

ಪ್ರವೇಶದ ಪ್ರಕಟಣೆ ತಾಂತ್ರಿಕ ಶಿಕ್ಷಣ ಇಲಾಖೆಯಿಂದ ಬರುತ್ತದೆ. ಆಯಾ ವರ್ಷದ ಪ್ರಕಟಣೆ ಪೂರ್ತಿ ಓದಿ. ಹೋದ ವರ್ಷ ಅಣ್ಣ ಹೇಗೆ ಸೇರಿದ ಅನ್ನುವುದು ಈ ವರ್ಷಕ್ಕೆ ನಡೆಯುತ್ತದೆ ಅಂದುಕೊಳ್ಳಬೇಡಿ. ಎಸ್‌ಎಸ್‌ಎಲ್‌ಸಿ ಎರಡನೇ ಪರೀಕ್ಷೆಯಲ್ಲಿ ಪಾಸಾದವರೂ ಎದೆಗುಂದಬೇಕಿಲ್ಲ. ಹತ್ತಿರದ ಸರ್ಕಾರಿ ಪಾಲಿಟೆಕ್ನಿಕ್ಕಿಗೆ ಹೋಗಿ ಉಳಿದ ಸೀಟು ಎಷ್ಟಿವೆ, ಅರ್ಜಿ ಯಾವಾಗ ಅಂತ ನೇರ ಕೇಳಿ.

ಒಂದು ಎಚ್ಚರಿಕೆ. “ಇವತ್ತೇ ಸೀಟು ಬುಕ್ ಮಾಡಿ, ನಾಳೆ ಸಿಗಲ್ಲ” ಅಂತ ಅವಸರ ಮಾಡುವ ಏಜೆಂಟರ ಕೈಗೆ ಮೂಲ ಅಂಕಪಟ್ಟಿ ಕೊಡಬೇಡಿ. ನನ್ನ ಅಕ್ಕನ ಮಗನ ವಿಷಯದಲ್ಲಿ ಹೀಗಾಯಿತು. ಒಂದು ಕಡೆ ಮೂಲ ಪತ್ರ ಕೊಟ್ಟು ಸೇರಿಸಿದ್ದರು. ಎರಡು ವಾರದ ಮೇಲೆ ಸರ್ಕಾರಿ ಸೀಟು ಬಂತು. ಪತ್ರ ವಾಪಸ್ ಪಡೆಯಲು ನಾಲ್ಕು ಸಲ ಅಲೆದೆವು. ಎಐಸಿಟಿಇ ನಿಯಮದಂತೆ ಕಾಲೇಜು ಮೂಲ ಪತ್ರಗಳನ್ನು ಒತ್ತೆಯಂತೆ ಇಟ್ಟುಕೊಳ್ಳುವಂತಿಲ್ಲ. ಗೊತ್ತುಮಾಡಿದ ದಿನಾಂಕದೊಳಗೆ ಸೀಟು ಬಿಟ್ಟರೆ ಸಾವಿರ ರೂಪಾಯಿಗಿಂತ ಜಾಸ್ತಿ ಹಿಡಿದುಕೊಳ್ಳದೆ ಫೀ ಮರಳಿಸಬೇಕು. ಈ ನಿಯಮದ ಪ್ರತಿ ಕೈಯಲ್ಲಿ ಹಿಡಿದು ಹೋದ ಮೇಲೆ ನಮ್ಮ ಕೆಲಸ ಒಂದೇ ದಿನದಲ್ಲಿ ಆಯಿತು. ಎಲ್ಲ ಪತ್ರಗಳ ಐದೈದು ಝೆರಾಕ್ಸ್ ಮಾಡಿಸಿ, ಮೂಲ ತೋರಿಸಿ ನಕಲು ಕೊಡಿ.

ಸೀಟು ಖಾತ್ರಿಯಾದ ವಾರವೇ ಒಮ್ಮೆ ಬ್ಯಾಂಕಿಗೆ ಹೋಗಿ ಮಗುವಿನ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿದೆಯಾ ಕೇಳಿ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ಹಾಕುವಾಗ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಆಧಾರಿನಲ್ಲೂ ಇರಬೇಕು. ‘ಬಸವರಾಜ’ ಒಂದು ಕಡೆ, ‘ಬಸವರಾಜಪ್ಪ’ ಇನ್ನೊಂದು ಕಡೆ ಅಂತಿದ್ದರೆ ತಿದ್ದಿಸಲು ಸಮಯ ಹಿಡಿಯುತ್ತದೆ. ತರಗತಿ ಶುರುವಾಗುವ ಮೊದಲೇ ಅದನ್ನು ಸರಿಮಾಡಿಸಿ.